ಕತ್ತಿನ ಸೋಂಕು ತೊಳೆದಾದ ಮೇಲೆ ಉಳಿದ ಗಾಯ: ಚರ್ಮದ ಕಸಿ ಸಾಕೋ, ಫ್ಲ್ಯಾಪ್ ಬೇಕೋ?

ಪಾಂಡವಪುರ_ಸಿಸ್ಟರ್:

ತಾಲ್ಲೂಕು ಆಸ್ಪತ್ರೆಗೆ ದಿನಾ ಡ್ರೆಸ್ಸಿಂಗ್‌ಗೆ ಬರುವ ರೋಗಿಯೊಬ್ಬರ ಬಗ್ಗೆ ಕೇಳುತ್ತಿದ್ದೇನೆ. 48 ವರ್ಷ, ಕಬ್ಬು ಬೆಳೆಯುವವರು, ಸಕ್ಕರೆ ಕಾಯಿಲೆ ಇದೆ. ಎಡಗಡೆ ಕೆಳದವಡೆ ಹಲ್ಲಿನ ಕೀವು ಕತ್ತಿಗೆ ಇಳಿದು ನೆಕ್ರೋಟೈಸಿಂಗ್ ಫ್ಯಾಸಿಯೈಟಿಸ್ (ಚರ್ಮದಡಿಯ ಪದರವನ್ನು ಕೊಳೆಸುತ್ತಾ ಹರಡುವ ಸೋಂಕು) ಆಗಿತ್ತು. ಮೈಸೂರಿನಲ್ಲಿ ಮೂರು ಸಲ ಸತ್ತ ಮಾಂಸ ತೆಗೆದು, ಟ್ರಕಿಯಾಸ್ಟಮಿ (ಉಸಿರಾಟಕ್ಕೆ ಕತ್ತಿನಲ್ಲಿ ರಂಧ್ರ) ಮಾಡಿ, ಐಸಿಯುನಲ್ಲಿಟ್ಟು ಉಳಿಸಿಕೊಂಡಿದ್ದಾರೆ. ಟ್ಯೂಬ್ ತೆಗೆದಾಗಿದೆ, ರಂಧ್ರ ಬಹುಪಾಲು ಮುಚ್ಚಿದೆ. ಮೊದಲ ಆಪರೇಷನ್ ಆಗಿ ಇಂದಿಗೆ 19 ದಿನ.

ದವಡೆಯ ಮೂಲೆಯಿಂದ ಕೊರಳೆಲುಬಿನ ಹತ್ತಿರದವರೆಗೆ 12 ಸೆಂ.ಮೀ. ಉದ್ದ, 9 ಸೆಂ.ಮೀ. ಅಗಲದ ಗಾಯ. ಬಹುಪಾಲು ಕೆಂಪಗಿದೆ. ನಡುವೆ ಸುಮಾರು 3×2 ಸೆಂ.ಮೀ. ಜಾಗ ಮಾತ್ರ ಬೂದು ಹಳದಿ ಬಣ್ಣ, ಅಲ್ಲಿ ನಾಡಿ ಮಿಡಿಯುವುದು ಕಣ್ಣಿಗೇ ಕಾಣುತ್ತದೆ. ಜ್ವರವಿಲ್ಲ. ಎಚ್‌ಬಿ (ಹಿಮೋಗ್ಲೋಬಿನ್) 9.4, ಆಲ್ಬುಮಿನ್ (ರಕ್ತದಲ್ಲಿನ ಪ್ರೋಟೀನ್) 2.6, ಎಚ್‌ಬಿಎ1ಸಿ (ಸಕ್ಕರೆಯ ಮೂರು ತಿಂಗಳ ಸರಾಸರಿ) 10.8. ಇನ್ಸುಲಿನ್ ಮೇಲೆ ಬೆಳಗಿನ ಸಕ್ಕರೆ 150ರ ಆಸುಪಾಸು.

ಮನೆಯವರು "ಹೊಲಿಗೆ ಹಾಕಿ ಮುಚ್ಚಬಾರದಾ" ಅಂತ ದಿನಾ ಕೇಳುತ್ತಾರೆ. ಇದು ಕಸಿಗೆ ಸಿದ್ಧವಾಗಿದೆ ಎಂದು ಯಾವ ಲಕ್ಷಣ ನೋಡಿ ಹೇಳುವುದು? ಕಸಿಯೇ ಸಾಕೋ, ಎದೆಯಿಂದ ಫ್ಲ್ಯಾಪ್ (ಸ್ವಂತ ರಕ್ತನಾಳ ಸಮೇತ ಹೊರಳಿಸಿ ತರುವ ಚರ್ಮ ಅಥವಾ ಮಾಂಸ) ತರಬೇಕೋ? ವ್ಯಾಕ್ (ಸ್ಪಂಜು ಇಟ್ಟು ಅಂಟುಹಾಳೆ ಮುಚ್ಚಿ ಗಾಯದ ರಸಿಕೆ ಹೀರುವ ಯಂತ್ರ) ಹಾಕಿದರೆ ಬೇಗ ಆಗುತ್ತದೆ ಅನ್ನುತ್ತಾರೆ, ಕತ್ತಿಗೆ ಹಾಕಬಹುದೇ? ಸಕ್ಕರೆಯ ಮೂರು ತಿಂಗಳ ಸರಾಸರಿ ಇಳಿಯುವವರೆಗೆ ಕಾಯಬೇಕೇ? ಕಸಿ ಆಗಿ ವಾಪಸ್ ಬಂದಮೇಲೆ ನಮ್ಮ ಹಂತದಲ್ಲಿ ಏನೇನು ನೋಡಿಕೊಳ್ಳಬೇಕು ಅನ್ನುವುದನ್ನೂ ತಿಳಿಸಿ.

ಕಸಿ_ಮೈಸೂರು:

ಸಿಸ್ಟರ್, ಈ ಗಾಯದಲ್ಲಿ ತೀರ್ಮಾನ ಆಗಬೇಕಾದ್ದು ಆ 3×2 ಜಾಗದ ಮೇಲೆ. ಉಳಿದ ಕೆಂಪು ಭಾಗ ಎಷ್ಟು ದೊಡ್ಡದಿದ್ದರೂ ಸುಲಭದ್ದು. ಮಿಡಿಯುವ ಜಾಗದ ಕೆಳಗೆ ಕ್ಯಾರೋಟಿಡ್ (ತಲೆಗೆ ರಕ್ತ ಒಯ್ಯುವ ದೊಡ್ಡ ನಾಳ) ನೇರ ಇದೆಯೋ, ಅದರ ಮೇಲೆ ಸ್ನಾಯುವಿನ ಪದರ ಉಳಿದಿದೆಯೋ ಮೇಲಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ನಾಳೆ ನಾಡಿದ್ದರೊಳಗೆ ಆಪರೇಷನ್ ಮಾಡಿದ ಘಟಕಕ್ಕೇ ವಾಪಸ್ ಕಳಿಸಿ, ಸಿಟಿ ಆಂಜಿಯೋ (ರಕ್ತನಾಳ ತೋರಿಸುವ ಸ್ಕ್ಯಾನ್) ಆಗಲಿ. ಇಂಥ ಗಾಯಕ್ಕೆ ಮನೆಯಿಂದ ಬಸ್ಸಿನಲ್ಲಿ ಬಂದು ಡ್ರೆಸ್ಸಿಂಗ್ ಮಾಡಿಸಿಕೊಂಡು ಹೋಗುವುದು ನನಗೆ ಸರಿ ಕಾಣುವುದಿಲ್ಲ.

ಅಷ್ಟರೊಳಗೆ ಡ್ರೆಸ್ಸಿಂಗ್‌ನಲ್ಲಿ ಒಂದು ಚಮಚದಷ್ಟು ಹೊಸ ರಕ್ತ ಕಂಡು ತಾನಾಗಿ ನಿಂತರೂ ಸುಮ್ಮನಿರಬೇಡಿ. ದೊಡ್ಡ ನಾಳ ಒಡೆಯುವ ಮುಂಚೆ ಇಂಥ ಸಣ್ಣ ಸ್ರಾವ ಆಗುವುದುಂಟು. ಜೋರಾಗಿ ಬಂದರೆ ಕೈಗವಸು ಹಾಕಿ, ಎರಡು ಬೆರಳು ನೇರ ಆ ಬಿಂದುವಿನ ಮೇಲಿಟ್ಟು ಒತ್ತಿ ಹಿಡಿಯಿರಿ, ಎತ್ತಿ ಎತ್ತಿ ನೋಡಬೇಡಿ, ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಆಂಬುಲೆನ್ಸ್‌ನಲ್ಲೂ ಒತ್ತಿದ ಕೈ ಹಾಗೇ ಇರಬೇಕು. ಕತ್ತಿನ ಸುತ್ತ ಬಿಗಿಯಾಗಿ ಬ್ಯಾಂಡೇಜ್ ಸುತ್ತಿದರೆ ರಕ್ತ ಒಳಗೇ ತುಂಬಿ ಉಸಿರಿನ ದಾರಿ ಅಮುಕುತ್ತದೆ.

ಹೊಲಿಗೆ ಯಾಕೆ ಆಗುವುದಿಲ್ಲ ಅಂದರೆ, ಈ ಸೋಂಕು ಚರ್ಮಕ್ಕಿಂತ ಅದರ ಕೆಳಗಿನ ಫ್ಯಾಸಿಯಾ ಪದರದಲ್ಲಿ ವೇಗವಾಗಿ ಹರಿಯುತ್ತದೆ. ಚರ್ಮಕ್ಕೆ ರಕ್ತ ತರುವ ಸಣ್ಣ ನಾಳಗಳಲ್ಲಿ ಹೆಪ್ಪುಗಟ್ಟುತ್ತದೆ. ಹೀಗಾಗಿ ಅಂಚು ಮೇಲೆ ಚೆನ್ನಾಗಿ ಕಂಡರೂ ಅಡಿಯಲ್ಲಿ ಬಿಟ್ಟುಕೊಂಡಿರುತ್ತದೆ. 9 ಸೆಂ.ಮೀ. ಅಗಲವನ್ನು ಎಳೆದು ಕೂಡಿಸಿದರೆ ನಾಲ್ಕೈದು ದಿನದಲ್ಲಿ ಅಂಚು ಕಪ್ಪಾಗಿ ಬಿರಿಯುತ್ತದೆ, ಒಳಗೆ ರಸಿಕೆ ನಿಂತು ಮತ್ತೆ ಕೀವಾಗುತ್ತದೆ. ಮೂರು ನಾಲ್ಕು ಸೆಂ.ಮೀ. ಅಗಲದ, ಅಂಚು ಸಡಿಲವಾಗಿರುವ ಗಾಯವಾದರೆ ತಡವಾಗಿ ಹೊಲಿಗೆ ಹಾಕುವುದುಂಟು. ಇದು ಆ ಜಾತಿಯದ್ದಲ್ಲ.

ಸಿದ್ಧವಾಗಿದೆಯೇ ಅನ್ನುವುದಕ್ಕೆ ಕೈಯಲ್ಲೇ ಆಗುವ ಪರೀಕ್ಷೆ ಹೇಳುತ್ತೇನೆ. ಒದ್ದೆ ಗಾಜ್ ಬಟ್ಟೆಯಿಂದ ಮೆಲ್ಲಗೆ ಒರೆಸಿದಾಗ ಚುಕ್ಕಿ ಚುಕ್ಕಿಯಾಗಿ ತಿಳಿಗೆಂಪು ರಕ್ತ ಬರಬೇಕು. ತಳ ಚಪ್ಪಟೆಯಾಗಿ, ಗಟ್ಟಿಯಾಗಿ, ಸಣ್ಣ ಹರಳಿನಂತೆ ಇರಬೇಕು. ತಿಳಿ ಗುಲಾಬಿ ಬಣ್ಣದ, ಊದಿಕೊಂಡ, ಮುಟ್ಟಿದರೆ ಜೆಲ್ಲಿಯಂತೆ ಅಲುಗುವ ಮಾಂಸ ಒಳ್ಳೆಯದಲ್ಲ. ಅದನ್ನು ಕೆರೆದು ತೆಗೆದೇ ಕಸಿ ಹಾಕುತ್ತಾರೆ. ಅಂಚು ತಳಕ್ಕೆ ಅಂಟಿಕೊಂಡು, ಸುತ್ತ ತೆಳು ನೀಲಿ ಛಾಯೆಯ ಹೊಸ ಚರ್ಮದ ಗೆರೆ ಒಳಗೆ ತೆವಳಲು ಶುರು ಮಾಡಿರಬೇಕು. ವಾಸನೆ ಇರಬಾರದು. ಕಲ್ಚರ್‌ನಲ್ಲಿ ಗುಂಪು ಎ ಬೀಟಾ ಹೀಮೋಲಿಟಿಕ್ ಸ್ಟ್ರೆಪ್ಟೋಕಾಕಸ್ ಬಂದರೆ ಕಸಿ ಮುಂದಕ್ಕೆ. ಆ ಕ್ರಿಮಿ ಕಸಿಯನ್ನು ತಳಕ್ಕೆ ಹಿಡಿದಿಡುವ ಫೈಬ್ರಿನ್ ಅಂಟನ್ನೇ ಕರಗಿಸುತ್ತದೆ. ಬೇರೆ ಕ್ರಿಮಿಗಳಿದ್ದರೆ ಗ್ರಾಂ ಮಾಂಸಕ್ಕೆ ಒಂದು ಲಕ್ಷದ ಕೆಳಗಿರಬೇಕು ಅನ್ನುವುದು ಹಳೆಯ ಲೆಕ್ಕ. ಎಲ್ಲ ಕಡೆ ಆ ಎಣಿಕೆ ಮಾಡುವುದಿಲ್ಲ, ಮೇಲಿನ ಲಕ್ಷಣಗಳೇ ಸಾಕು.

ಎಚ್‌ಬಿಎ1ಸಿ ಇಳಿಯಲೆಂದು ಕಾಯುವುದು ಬೇಡ. ಅದು ಕೆಂಪು ರಕ್ತಕಣದ ಆಯಸ್ಸಿನ ಮೇಲೆ ನಿಂತ ಅಂಕಿ, ಸುಮಾರು ಮೂರು ತಿಂಗಳ ಹಿಂದಿನ ಕಥೆಯನ್ನೂ ಸೇರಿಸಿ ಹೇಳುತ್ತದೆ. ರಕ್ತ ಕೊಟ್ಟಿದ್ದರೆ, ಎಚ್‌ಬಿ ಕಡಿಮೆ ಇದ್ದರೆ ಅದನ್ನು ನೆಚ್ಚಲೂ ಆಗದು. ಇವರ ದಿನದ ನಾಲ್ಕು ಅಳತೆಗಳು ಒಂದು ವಾರ ಸತತವಾಗಿ 180ರ ಒಳಗಿದ್ದರೆ ನನಗೆ ಸಾಕು. ಆಲ್ಬುಮಿನ್ 2.6 ಕಡಿಮೆಯೇ, ಆದರೆ ಅದೂ ನಿಧಾನಿ. ಸೋಂಕಿನ ಉರಿಯೂತದಿಂದಲೂ ಇಳಿಯುತ್ತದೆ. ಸಿಆರ್‌ಪಿ (ಉರಿಯೂತ ತಿಳಿಸುವ ರಕ್ತಪರೀಕ್ಷೆ) ಇಳಿಯುತ್ತಿದ್ದು, ಊಟ ಹೋಗುತ್ತಿದ್ದು, ಆಲ್ಬುಮಿನ್ 3ರ ಕಡೆಗೆ ಏರುತ್ತಿದ್ದರೆ ಮುಂದುವರಿಯಬಹುದು.

ಊಟಕ್ಕೆ ಲೆಕ್ಕ ಹಾಕಿ ಕೊಡಿ. ತೂಕದ ಕಿಲೋಗೆ ದಿನಕ್ಕೆ 1.5 ಗ್ರಾಂ ಪ್ರೋಟೀನ್, ಅಂದರೆ 60 ಕಿಲೋ ಇದ್ದವರಿಗೆ 90 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6, ಅರ್ಧ ಲೀಟರ್ ಹಾಲಿನಲ್ಲಿ ಸುಮಾರು 16. ಮುದ್ದೆ ಹೊಟ್ಟೆ ತುಂಬಿಸುತ್ತದೆ, ಪ್ರೋಟೀನ್ ಕೊಡುವುದು ಕಮ್ಮಿ. ಮುದ್ದೆ ಜೊತೆ ತಿಳಿಸಾರಿನ ಬದಲು ಮೊಳಕೆ ಹುರುಳಿಕಾಳೋ ಮೊಟ್ಟೆಯೋ ಕೋಳಿಯೋ ಇರಲಿ. ಕ್ರಿಯಾಟಿನಿನ್ (ಮೂತ್ರಪಿಂಡದ ರಕ್ತಪರೀಕ್ಷೆ) ಜಾಸ್ತಿ ಇದ್ದರೆ ಮಾತ್ರ ವೈದ್ಯರನ್ನು ಕೇಳಿ ಕಡಿಮೆ ಮಾಡಿ.

ಇನ್ನು ಕಸಿಯೋ ಫ್ಲ್ಯಾಪೋ. ತೊಡೆಯಿಂದ ತೆಗೆದ ತೆಳು ಚರ್ಮಕ್ಕೆ ತನ್ನದೇ ರಕ್ತವಿಲ್ಲ. ಮೊದಲ ಎರಡು ದಿನ ತಳದ ರಸ ಕುಡಿದು ಬದುಕುತ್ತದೆ, ಆಮೇಲೆ ನಾಳಗಳು ಕೂಡಿಕೊಂಡು ಐದರಿಂದ ಏಳು ದಿನಕ್ಕೆ ರಕ್ತ ಸರಿಯಾಗಿ ಹರಿಯುತ್ತದೆ. ಆದ್ದರಿಂದ ರಕ್ತವಿರುವ ತಳ ಬೇಕೇ ಬೇಕು. ಪೊರೆ ಕಳೆದುಕೊಂಡ ದವಡೆ ಮೂಳೆಯ ಮೇಲೆ, ಬರಿ ಮೃದ್ವಸ್ಥಿಯ ಮೇಲೆ ಹಿಡಿಯುವುದಿಲ್ಲ. ಕ್ಯಾರೋಟಿಡ್ ಮೇಲೆ ಒಂದು ವೇಳೆ ಹಿಡಿದರೂ ಅರ್ಧ ಮಿ.ಮೀ. ದಪ್ಪವೂ ಇಲ್ಲದ ಹೊದಿಕೆ ಅದಕ್ಕೆ ಕಾವಲಾಗದು. ಅಲ್ಲಿಗೆ ಸ್ವಂತ ರಕ್ತನಾಳ ಹೊತ್ತು ತರುವ ಮಾಂಸವೇ ಬೇಕು.

ಹತ್ತಿರದಲ್ಲಿರುವುದು ಕತ್ತಿನ ಸ್ಟರ್ನೋಮಾಸ್ಟಾಯ್ಡ್ ಸ್ನಾಯು. ಆದರೆ ಈ ಸೋಂಕಿನಲ್ಲಿ ಅದೇ ಅರ್ಧ ಹೋಗಿರುತ್ತದೆ, ಅದರ ರಕ್ತವೂ ಮೂರು ಕಡೆಯಿಂದ ತುಂಡು ತುಂಡಾಗಿ ಬರುವುದರಿಂದ ನೆಚ್ಚಿಕೊಳ್ಳಲು ಆಗುವುದಿಲ್ಲ. ಭುಜದ ಮೇಲಿನ ಸುಪ್ರಾಕ್ಲಾವಿಕ್ಯುಲರ್ ಫ್ಲ್ಯಾಪ್ ತೆಳುವಾಗಿ, ಬಣ್ಣ ಹೊಂದಿ, ಕತ್ತಿಗೆ ಹೇಳಿ ಮಾಡಿಸಿದಂತಿರುತ್ತದೆ. ಅದರ ನಾಳ ಟ್ರಾನ್ಸ್‌ವರ್ಸ್ ಸರ್ವೈಕಲ್ ಎಂಬ ಕತ್ತಿನ ನಾಳದಿಂದ ಬರುತ್ತದೆ. ಇವರ ಗಾಯ ಕೊರಳೆಲುಬಿನವರೆಗೆ ಇಳಿದಿದೆಯಲ್ಲ, ಆ ನಾಳ ಉಳಿದಿದೆ ಎಂದು ಡಾಪ್ಲರ್‌ನಲ್ಲೋ (ರಕ್ತದ ಹರಿವು ತಿಳಿಸುವ ಸಾಧನ) ಸಿಟಿಯಲ್ಲೋ ಕಾಣದೆ ಕೈ ಹಾಕಬಾರದು. ಎದೆಯ ಮೇಲ್ಭಾಗದ ಚರ್ಮದಿಂದ ತರುವ ಡೆಲ್ಟೋಪೆಕ್ಟೋರಲ್ ಫ್ಲ್ಯಾಪ್ 1965ರಿಂದ ಇದೆ, ಎದೆಮೂಳೆಯ ಪಕ್ಕದ ನಾಳಗಳ ಮೇಲೆ ನಿಂತದ್ದು, ನಂಬಿಕಸ್ತ. ಆದರೆ ಎರಡು ಹಂತ, ಮೂರು ವಾರ ಬಿಟ್ಟು ಬುಡ ಕತ್ತರಿಸಬೇಕು. ಪೆಕ್ಟೋರಾಲಿಸ್ ಮೇಜರ್ 1979ರಲ್ಲಿ ಬಳಕೆಗೆ ಬಂತು. ಥೊರಾಕೋಅಕ್ರೋಮಿಯಲ್ ನಾಳದ ಮೇಲೆ ಎದೆಯ ಸ್ನಾಯುವನ್ನೇ ಎತ್ತಿ ಕೊರಳೆಲುಬಿನ ಮೇಲಿಂದ ಕತ್ತಿಗೆ ಹೊರಳಿಸುವುದು. ಸೋಂಕಿನ ಜಾಗದಿಂದ ದೂರದ ರಕ್ತ, ಒಂದೇ ಹಂತ. ಚರ್ಮ ಸಮೇತ ತಂದರೆ ದಪ್ಪ ಗಂಟಿನಂತೆ ಕಾಣುತ್ತದೆ.

ತೊಡೆಯ ಹೊರ ಮುಂಭಾಗದ ಎಎಲ್‌ಟಿ ಫ್ರೀ ಫ್ಲ್ಯಾಪ್ (ಪೂರ್ತಿ ಬಿಡಿಸಿ ತಂದು ನಾಳಗಳನ್ನು ಕತ್ತಿನ ನಾಳಕ್ಕೆ ಹೊಲಿದು ಜೋಡಿಸುವುದು) ನೋಟಕ್ಕೂ ಚಲನೆಗೂ ಒಳ್ಳೆಯದು. ತೊಡಕಿರುವುದು ಜೋಡಣೆಯಲ್ಲಿ. ಉರಿಯೂತದಿಂದ ಗಟ್ಟಿಯಾದ ಕತ್ತಿನಲ್ಲಿ ನಾಳ ಬಿಡಿಸುವುದೇ ಕಷ್ಟ, ರಕ್ತನಾಳದ ಗೋಡೆ ಬಿಸ್ಕತ್ತಿನಂತೆ ಮುರಿಯುತ್ತದೆ. ಬೇಕಾದರೆ ಇನ್ನೊಂದು ಬದಿಯ ಕತ್ತಿನ ನಾಳ ಬಳಸಬೇಕು.

ಸಿಟಿಯಲ್ಲಿ ಕ್ಯಾರೋಟಿಡ್ ಬರಿದಾಗಿದ್ದರೆ, ಕಾಗದದ ಮೇಲೆ ನೋಡಿದಷ್ಟಕ್ಕೆ ನನ್ನ ಆಯ್ಕೆ ಹೀಗೆ: ಪೆಕ್ಟೋರಾಲಿಸ್‌ನ ಸ್ನಾಯು ಮಾತ್ರ ತಂದು ನಾಳದ ಮೇಲೆ ಹೊದಿಸಿ, ಅದರ ಮೇಲೂ ಉಳಿದ ಕೆಂಪು ಜಾಗದ ಮೇಲೂ ಚರ್ಮದ ಕಸಿ. ಚರ್ಮ ಬಿಟ್ಟು ಸ್ನಾಯು ತಂದರೆ ದಪ್ಪವೂ ತಿಂಗಳುಗಳಲ್ಲಿ ಇಳಿಯುತ್ತದೆ. ನಾಳದ ಮೇಲೆ ಕತ್ತಿನ ಸ್ನಾಯು ಉಳಿದಿದ್ದರೆ ಫ್ಲ್ಯಾಪ್ ಇಲ್ಲದೆ ಬರೀ ಕಸಿ.

ಗಾಯದ_ವಾರ್ಡ್:

ವ್ಯಾಕ್ ಬಗ್ಗೆ: ಈ ಗಾಯಕ್ಕೆ, ಈ ಸ್ಥಿತಿಯಲ್ಲಿ, ಬೇಡ. ಬರಿದಾದ ದೊಡ್ಡ ರಕ್ತನಾಳ, ಕೊಳೆತ ಮಾಂಸ, ಚಿಕಿತ್ಸೆ ಆಗದ ಮೂಳೆ ಸೋಂಕು ಇವು ಮೂರೂ ವ್ಯಾಕ್‌ಗೆ ನಿಷೇಧ. ರಕ್ತಸ್ರಾವದಿಂದಾದ ಸಾವುಗಳ ನಂತರ ಅಮೆರಿಕದ ಎಫ್‌ಡಿಎ 2009ರಲ್ಲೂ 2011ರಲ್ಲೂ ಇದರ ಬಗ್ಗೆ ಎಚ್ಚರಿಕೆ ಹೊರಡಿಸಿದೆ. ಸ್ಪಂಜು ನಾಳದ ಗೋಡೆಗೆ ಕಚ್ಚಿಕೊಳ್ಳುತ್ತದೆ, ಬದಲಾಯಿಸುವಾಗ ಹರಿಯುತ್ತದೆ. ಸ್ನಾಯು ಹೊದಿಸಿ ನಾಳ ಮುಚ್ಚಿದ ಮೇಲೆ, ಕಸಿಯನ್ನು ತಳಕ್ಕೆ ಒತ್ತಿ ಹಿಡಿಯಲು ಕಡಿಮೆ ಒತ್ತಡದ ವ್ಯಾಕ್ ಹಾಕುವ ಸರ್ಜನ್‌ಗಳಿದ್ದಾರೆ, ಅದು ಬೇರೆ ವಿಷಯ. ಸಾಮಾನ್ಯವಾಗಿ ಇಡುವ 125 ಮಿ.ಮೀ. ಪಾದರಸದ ಒತ್ತಡ ಕತ್ತಿಗೆ ಹೆಚ್ಚು. ಗಡ್ಡದ ಕೂದಲು, ದವಡೆಯ ತಿರುವು, ಟ್ರಕಿಯಾಸ್ಟಮಿ ರಂಧ್ರ, ನುಂಗುವಾಗಿನ ಅಲುಗಾಟ ಇವೆಲ್ಲ ಸೇರಿ ಅಂಟುಹಾಳೆ ನಿಲ್ಲುವುದೇ ಕಷ್ಟ. ಸೋರುತ್ತಿರುವ ವ್ಯಾಕ್ ಹಾಕದೇ ಇರುವುದಕ್ಕಿಂತ ಕೆಟ್ಟದ್ದು, ಕೆಳಗೆ ರಸಿಕೆ ನಿಂತು ಕೊಳೆಯುತ್ತದೆ.

ಕಳಿಸುವವರೆಗೆ ನಾರ್ಮಲ್ ಸಲೈನ್ ಡ್ರೆಸ್ಸಿಂಗ್ ಸಾಕು. ನೋವಿನ ಮಾತ್ರೆ ಕೊಟ್ಟು ಮುಕ್ಕಾಲು ಗಂಟೆ ಬಿಟ್ಟು ಶುರು ಮಾಡಿ. ಅಂಟಿಕೊಂಡ ಹಳೆಯ ಬಟ್ಟೆಯನ್ನು ಒಣದಾಗಿ ಕೀಳಬೇಡಿ, ಸಲೈನ್ ಸುರಿದು ಹತ್ತು ನಿಮಿಷ ನೆನೆಸಿ. ಮಿಡಿಯುವ ಜಾಗದ ಮೇಲೆ ಗಾಜ್ ಬಟ್ಟೆ ನೇರ ಬೇಡ, ಮೊದಲು ಪ್ಯಾರಾಫಿನ್ ಗಾಜ್ (ಅಂಟಿಕೊಳ್ಳದಂತೆ ಜಿಡ್ಡು ಸವರಿದ ಬಟ್ಟೆ) ಎರಡು ಪದರ, ಅದರ ಮೇಲೆ ಹಿಂಡಿದ ಒದ್ದೆ ಗಾಜ್. ಹಿಂಡದೆ ತೊಟ್ಟಿಕ್ಕುವಂತೆ ಇಟ್ಟರೆ ಅಂಚಿನ ಒಳ್ಳೆಯ ಚರ್ಮ ಬೆಳ್ಳಗೆ ನೆನೆದು ಹಾಳಾಗುತ್ತದೆ. ದಿನಕ್ಕೆ ಎರಡು ಸಲ. ಆ ಹಳದಿಯನ್ನು ಕತ್ತರಿಯಿಂದ ಎಳೆಯಲು ಹೋಗಬೇಡಿ, ಅದು ನಾಳದ ಗೋಡೆಯೇ ಇರಬಹುದು. ಹೈಡ್ರೋಜನ್ ಪೆರಾಕ್ಸೈಡ್, ಸ್ಪಿರಿಟ್ ಬೇಡ, ಹೊಸ ಮಾಂಸವನ್ನೇ ಸುಡುತ್ತವೆ. ತೆರೆದ ಸಲೈನ್ ಬಾಟಲಿಯನ್ನು 24 ಗಂಟೆ ದಾಟಿ ಇಟ್ಟುಕೊಳ್ಳಬೇಡಿ. ಮನೆಯಲ್ಲಿ ಅರಿಶಿನವೋ ಕಾಫಿಪುಡಿಯೋ ಉದುರಿಸುತ್ತಾರೇನೋ ಕೇಳಿ ನೋಡಿ. ಬೈಯದೆ ಕೇಳಿದರೆ ಹೇಳುತ್ತಾರೆ.

ದವಡೆ_ಡಾಕ್ಟರ್:

ಯಾರೂ ಕೇಳದ ಒಂದು ಪ್ರಶ್ನೆ: ಆ ಹಲ್ಲು ಕಿತ್ತಿದ್ದಾರಾ? ಐಸಿಯು ಗಡಿಬಿಡಿಯಲ್ಲಿ ಬಾಯಿ ತೆರೆಯಲಾಗದೆ ಹಲ್ಲು ಹಾಗೇ ಉಳಿಯುವುದು ಅಪರೂಪವಲ್ಲ. ಕೆಳಗಿನ ಎರಡನೇ, ಮೂರನೇ ದವಡೆ ಹಲ್ಲಿನ ಬೇರಿನ ತುದಿ ಮೈಲೋಹಯಾಯ್ಡ್ ಸ್ನಾಯುವಿನ ಗೆರೆಗಿಂತ ಕೆಳಗಿರುತ್ತದೆ. ಅದರ ಕೀವು ಬಾಯಿಗೆ ಒಡೆಯದೆ ನೇರ ಕತ್ತಿಗೆ ಇಳಿಯುತ್ತದೆ. ಮೂಲ ಉಳಿಸಿಕೊಂಡು ಮೇಲೆ ಕಸಿ ಹಾಕಿದರೆ ತಿಂಗಳೊಪ್ಪತ್ತಿನಲ್ಲಿ ಕಸಿಯ ನಡುವೆ ಒಂದು ಸಣ್ಣ ರಂಧ್ರ ಬಿದ್ದು ರಸಿಕೆ ಸೋರಲು ಶುರು. ಒಪಿಜಿ (ಇಡೀ ದವಡೆಯ) ಎಕ್ಸ್‌ರೇ ತೆಗೆಸಿ. ದವಡೆ ಮೂಳೆಯಲ್ಲೇ ಸೋಂಕು ಕೂತಿದ್ದರೆ ಅದರ ಚಿಕಿತ್ಸೆ ಕಸಿಗಿಂತ ಮೊದಲು.

ಬಾಯಿ ಎಷ್ಟು ತೆರೆಯುತ್ತದೆ ಅಂತಲೂ ಅಳೆಯಿರಿ. ಮೇಲಿನ ಕೆಳಗಿನ ಮುಂಬಲ್ಲಿನ ಅಂಚಿನ ನಡುವೆ ರೋಗಿಯದೇ ಮೂರು ಬೆರಳು ಹಿಡಿಸಬೇಕು, ಸುಮಾರು 35ರಿಂದ 40 ಮಿ.ಮೀ. ಎರಡು ಬೆರಳೂ ಹಿಡಿಸದಿದ್ದರೆ ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಇಟ್ಟು ಐದು ನಿಮಿಷ, ದಿನಕ್ಕೆ ಐದಾರು ಸಲ. ಎರಡು ಮೂರು ದಿನಕ್ಕೊಂದು ಕಡ್ಡಿ ಹೆಚ್ಚಿಸಿ. ಇದನ್ನು ಸಿಟಿ ನೋಡಿ ಸರ್ಜನ್ ಒಪ್ಪಿದ ಮೇಲೆ ಶುರು ಮಾಡಿ, ಈಗಲ್ಲ. ಕಸಿ ಹಾಕಿದ ಮೊದಲ ವಾರವೂ ನಿಲ್ಲಿಸಿ. ಗುಟ್ಕಾ, ಬೀಡಿ ಇದ್ದರೆ ಇವತ್ತೇ ಬಿಡಿಸಿ. ನಿಕೋಟಿನ್ ಫ್ಲ್ಯಾಪಿನ ನಾಳಗಳನ್ನು ಹಿಂಡುತ್ತದೆ.

ಪಾಂಡವಪುರ_ಸಿಸ್ಟರ್:

ತುಂಬಾ ಉಪಕಾರವಾಯಿತು ಸರ್. ಘಟಕದ ಜೊತೆ ಮಾತಾಡಿದ್ದೇವೆ, ನಾಳೆ ಆಂಬುಲೆನ್ಸ್‌ನಲ್ಲೇ ಕಳಿಸುತ್ತಿದ್ದೇವೆ. ಹಲ್ಲು ಕಿತ್ತಿಲ್ಲ, ಅದನ್ನು ರೆಫರಲ್ ಚೀಟಿಯಲ್ಲಿ ಬರೆದಿದ್ದೇನೆ. ಫ್ಲ್ಯಾಪ್ ಮತ್ತು ಕಸಿ ಎರಡೂ ಆಗಿ ಬಂದರೆ ನಮ್ಮಲ್ಲಿ ಏನು ಕೆಡುವ ಸಾಧ್ಯತೆ ಇದೆ? ಬಿಪಿಎಲ್ ಕಾರ್ಡ್ ಇದೆ, ಖರ್ಚಿನ ಬಗ್ಗೆ ಮನೆಯವರಿಗೆ ಏನು ಹೇಳಲಿ?

ಕಸಿ_ಮೈಸೂರು:

ಮೊದಲು ಅಲ್ಲಿ ಏನು ಮಾಡಿರುತ್ತಾರೆ ಅನ್ನುವುದು ತಿಳಿದರೆ ನಿಮಗೆ ನೋಡಿಕೊಳ್ಳುವುದು ಸುಲಭ. ತೊಡೆಯಿಂದ ಹಂಬಿ ಚಾಕುವಿನಿಂದಲೋ ಡರ್ಮಟೋಮ್‌ನಿಂದಲೋ ಚರ್ಮ ತೆಗೆಯುತ್ತಾರೆ. ಕತ್ತಿಗೆ ಸ್ವಲ್ಪ ದಪ್ಪವೇ ಇರಲಿ, 0.35ರಿಂದ 0.45 ಮಿ.ಮೀ. ತೆಳುವಾದಷ್ಟೂ ಹಿಡಿಯುವುದು ಸುಲಭ, ಆದರೆ ಆಮೇಲೆ ಮುದುರುವುದು ಜಾಸ್ತಿ. ಜಾಲರಿ ಕಸಿ ರಸಿಕೆಯನ್ನು ಹೊರಬಿಡುತ್ತದೆ, ಹಾಳೆಯಂತೆ ಇಡೀ ಹಾಕಿದ್ದು ನೋಟಕ್ಕೆ ಚೆನ್ನ, ಕಡಿಮೆ ಸುರುಟುತ್ತದೆ. ತಳ ಸ್ವಚ್ಛವಾಗಿದ್ದರೆ ಕತ್ತಿನ ಮುಂಭಾಗಕ್ಕೆ ಹಾಳೆಯೇ ಸರಿ ಅನ್ನುವವನು ನಾನು. ಅನುಮಾನವಿದ್ದರೆ 1:1.5 ಜಾಲರಿ, ಹೆಚ್ಚು ಹಿಗ್ಗಿಸದೆ. ಮೇಲೆ ಪ್ಯಾರಾಫಿನ್ ಗಾಜ್, ಹತ್ತಿಯ ಮುದ್ದೆ ಇಟ್ಟು ದಾರದಿಂದ ಕಟ್ಟಿರುತ್ತಾರೆ. ಅದನ್ನು ಐದನೇ ದಿನ ಅವರೇ ಬಿಚ್ಚುತ್ತಾರೆ. ಮಧ್ಯೆ ಯಾರೂ ಕೈ ಹಾಕಬಾರದು. ಹಾಳೆ ಕಸಿಯನ್ನು ಕಟ್ಟದೆ ಬಿಟ್ಟಿದ್ದರೆ ಮೊದಲ ಎರಡು ದಿನ ಕೆಳಗೆ ನೀರುಗುಳ್ಳೆ ನಿಂತಿದೆಯೇ ಎಂದು ನೋಡಿ, 11ನೇ ನಂಬರ್ ಬ್ಲೇಡಿನಿಂದ ಸಣ್ಣ ಸೀಳು ಕೊಟ್ಟು ಹತ್ತಿಕಡ್ಡಿ ಉರುಳಿಸಿ ಹೊರಹಾಕುವುದುಂಟು. ತಡವಾದರೆ ಅಷ್ಟು ಜಾಗದ ಕಸಿ ಸತ್ತಂತೆ.

ಕಸಿ ಬಿಡುವುದು ಬಹುಪಾಲು ಮೂರು ಕಾರಣಕ್ಕೆ: ಕೆಳಗೆ ರಕ್ತ ಅಥವಾ ರಸಿಕೆ ನಿಲ್ಲುವುದು, ಜಾರುವುದು, ಸೋಂಕು. ಕತ್ತಿನಲ್ಲಿ ಜಾರುವುದೇ ದೊಡ್ಡದು, ಒಂದೊಂದು ಗುಟುಕಿಗೂ ಚರ್ಮ ಮೇಲೆ ಕೆಳಗೆ ಓಡುತ್ತದೆ. ಅದಕ್ಕೇ ಮೂಗಿನ ಟ್ಯೂಬ್‌ನಲ್ಲಿ ಐದು ದಿನ ಆಹಾರ.

ಸ್ನಾಯುವಿನ ಫ್ಲ್ಯಾಪ್ ಇದ್ದರೆ ನರ್ಸಿಂಗ್‌ಗೆ ಅತಿಮುಖ್ಯವಾದ ಒಂದು ಮಾತು: ಕತ್ತಿನ ಸುತ್ತ ಏನೂ ಕಟ್ಟಬಾರದು. ಫ್ಲ್ಯಾಪಿನ ನಾಳ ಕೊರಳೆಲುಬಿನ ಮೇಲಿಂದ ಹಾದು ಬರುತ್ತದೆ. ಮತ್ತೆ ಟ್ರಕಿಯಾಸ್ಟಮಿ ಮಾಡಿದ್ದರೆ ಅದರ ಲಾಡಿ, ಆಕ್ಸಿಜನ್ ಮಾಸ್ಕಿನ ಎಲಾಸ್ಟಿಕ್, ಬಿಗಿ ಬ್ಯಾಂಡೇಜ್, ಕೊನೆಗೆ ಕೊರಳ ದಾರ ಇವು ಯಾವುದಾದರೂ ರಾತ್ರಿ ಒಂದು ಗಂಟೆ ಒತ್ತಿದರೆ ಫ್ಲ್ಯಾಪ್ ಹೋಗಬಹುದು. ಟ್ಯೂಬನ್ನು ಚರ್ಮಕ್ಕೆ ಹೊಲಿದೇ ನಿಲ್ಲಿಸಬೇಕು. ಫ್ಲ್ಯಾಪ್ ನೀಲಿ ತಿರುಗಿ, ಒತ್ತಿ ಬಿಟ್ಟ ಕೂಡಲೆ ಬಣ್ಣ ತಟ್ಟನೆ ಮರಳಿದರೆ ರಕ್ತ ಹೊರಹೋಗುತ್ತಿಲ್ಲ. ಬಿಳಚಿ, ತಣ್ಣಗಾಗಿ, ನಿಧಾನಕ್ಕೆ ಮರಳಿದರೆ ಒಳಬರುತ್ತಿಲ್ಲ. ಎರಡಕ್ಕೂ ತಕ್ಷಣ ಫೋನ್ ಮಾಡಿ. ಸ್ನಾಯುವಿನ ಮೇಲೆ ಕಸಿ ಇದ್ದರೆ ಬಣ್ಣ ತಿಳಿಯುವುದು ಕಷ್ಟ. ಕಡುನೇರಳೆಯಾಗಿ ಊದಿಕೊಂಡರೆ ಅದೇ ಸೂಚನೆ.

ನಿಮ್ಮ ಬಳಿ ಬರುವ ಹೊತ್ತಿಗೆ ಈ ಅಪಾಯಕಾಲ ಬಹುಪಾಲು ದಾಟಿರುತ್ತದೆ. ತೊಡೆಯ ಗಾಯದ ಪ್ಯಾರಾಫಿನ್ ಗಾಜ್ ಅನ್ನು ಕೀಳಬೇಡಿ, 10ರಿಂದ 14 ದಿನಕ್ಕೆ ತಾನೇ ಬಿಡುತ್ತದೆ. ಎದ್ದ ಅಂಚನ್ನು ಮಾತ್ರ ಕತ್ತರಿಸಿ. ಹಸಿರು ಬಣ್ಣ, ಹುಳಿ ಸಿಹಿ ವಾಸನೆ ಬಂದರೆ ಸ್ಯೂಡೋಮೋನಾಸ್ ಎಂಬ ಕ್ರಿಮಿ. ಆಗ ಬಿಚ್ಚಿ 1% ಅಸಿಟಿಕ್ ಆಮ್ಲದ ಒದ್ದೆ ಬಟ್ಟೆ ಹದಿನೈದು ನಿಮಿಷ. ಅಂಗಡಿಯ ವಿನೆಗರ್ ನಾಲ್ಕೈದು ಪಟ್ಟು ಗಾಢ, ಹಾಗೇ ಹಾಕಬೇಡಿ. ಕತ್ತಿನ ಕಸಿಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗ ಬಿಟ್ಟಿದ್ದರೆ ಗಾಬರಿ ಬೇಡ, ಅಂಚಿನಿಂದ ತುಂಬಿಕೊಳ್ಳುತ್ತದೆ.

ಖರ್ಚು: ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ. ಸರ್ಕಾರಿ ಆಸ್ಪತ್ರೆಯಲ್ಲೇ ಆಗುವುದಾದರೆ ಅಲ್ಲೇ. ಖಾಸಗಿಗೆ ಹೋಗಬೇಕಾದರೆ ತುರ್ತು ಅಲ್ಲದ ಸಂದರ್ಭದಲ್ಲಿ ರೆಫರಲ್ ಬೇಕು. ಪಡಿತರ ಚೀಟಿ, ಆಧಾರ್ ಎರಡೂ ಜೊತೆಗಿರಲಿ. ಆಮೇಲೆ ಬೇಕಾಗುವ ಕಾಲರ್, ಒತ್ತಡದ ಪಟ್ಟಿ ಪ್ಯಾಕೇಜಿನಲ್ಲಿ ಸೇರಿದೆಯೇ ಎಂದು ಆರೋಗ್ಯ ಮಿತ್ರರನ್ನು (ಆಸ್ಪತ್ರೆಯಲ್ಲಿರುವ ಯೋಜನೆಯ ಸಹಾಯಕರು) ದಾಖಲಾಗುವಾಗಲೇ ಕೇಳಿಸಿ.

ಫಿಸಿಯೋ_ಸರಸ್ವತಿಪುರಂ:

ಸರ್ಜರಿ ಚೆನ್ನಾಗಿ ಆಗಿ, ಆರು ತಿಂಗಳಿಗೆ ಗದ್ದ ಎದೆಗೆ ಅಂಟಿಕೊಂಡಂತೆ ಬಾಗಿ ಬರುವ ಕತ್ತುಗಳ ಬಗ್ಗೆ ಹೇಳಲೇಬೇಕು. ಕಸಿ ಹಿಡಿಯಿತು ಅಂದಾಗ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಕಸಿ ಸುರುಟಲು ಶುರು ಮಾಡುವುದೇ ಆಗ. ಮೊದಲ ಮೂರು ತಿಂಗಳು ಜೋರು, ಆರು ತಿಂಗಳವರೆಗೂ ನಡೆಯುತ್ತದೆ, ಕೆಲವರಲ್ಲಿ ವರ್ಷ. ಕತ್ತಿನ ಮುಂಭಾಗದಲ್ಲಿ ಎಳೆತಕ್ಕೆ ಅಡ್ಡ ಬರುವ ಮೂಳೆ ಇಲ್ಲ, ಹಾಗಾಗಿ ಗದ್ದವೇ ಕೆಳಗೆ ಬರುತ್ತದೆ.

ಮೊದಲ ದಿನದಿಂದಲೇ ತಲೆದಿಂಬು ಬೇಡ. ಕಂಬಳಿಯೋ ಟವೆಲ್ಲೋ ಸುರುಳಿ ಸುತ್ತಿ ಭುಜದ ಕೆಳಗೆ ಅಡ್ಡಲಾಗಿ ಇಡಿ, ತಲೆ ಸ್ವಲ್ಪ ಹಿಂದಕ್ಕೆ ಬಾಗಲಿ. ಕಸಿ ಗಟ್ಟಿಯಾಗಿ ಕೂತ ಮೇಲೆ, ಸಾಮಾನ್ಯವಾಗಿ ಎರಡು ವಾರದ ಆಸುಪಾಸು, ಥರ್ಮೋಪ್ಲಾಸ್ಟಿಕ್ ಕಾಲರ್. ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ರೋಗಿಯ ಕತ್ತಿಗೇ ಅಚ್ಚು ಹಿಡಿಯಬೇಕು. ದಿನಕ್ಕೆ 23 ಗಂಟೆ, ಸ್ನಾನ ವ್ಯಾಯಾಮಕ್ಕೆ ಮಾತ್ರ ತೆಗೆಯುವುದು, ಕನಿಷ್ಠ ಆರು ತಿಂಗಳು. ಫ್ಲ್ಯಾಪ್ ಇದ್ದವರಿಗೆ ಸರ್ಜನ್ ಒಪ್ಪದೆ ಕಾಲರ್ ಹಾಕಬೇಡಿ, ಮೇಲಿನ ನಾಳದ ಮಾತು ನೆನಪಿರಲಿ. ಅಂಗಡಿಯ ಮೆತ್ತನೆ ಸ್ಪಂಜ್ ಕಾಲರ್ ಎರಡು ವಾರದಲ್ಲಿ ಕುಸಿಯುತ್ತದೆ, ಗದ್ದ ಅದರ ಜೊತೆಗೇ ಇಳಿಯುತ್ತದೆ.

ಅಳತೆ ಇಡಿ. ಬಾಯಿ ಮುಚ್ಚಿ, ತಲೆ ಪೂರ್ತಿ ಹಿಂದಕ್ಕೆ ಬಾಗಿಸಿ, ಗದ್ದದ ತುದಿಯಿಂದ ಎದೆಮೂಳೆಯ ಮೇಲಿನ ಗುಳಿವರೆಗೆ ಟೇಪಿನಲ್ಲಿ ಎಷ್ಟು ಸೆಂ.ಮೀ. ಅಂತ ಎರಡು ವಾರಕ್ಕೊಮ್ಮೆ ರೋಗಿಯ ಪುಸ್ತಕದಲ್ಲೇ ಬರೆಯಿರಿ. ಹಿಂದಿನ ಸಲಕ್ಕಿಂತ ಒಂದು ಸೆಂ.ಮೀ. ಇಳಿದರೆ ಕಾಯಬೇಡಿ, ಕಾಲರ್ ಮತ್ತೆ ಅಚ್ಚು ಹಾಕಿಸಬೇಕು.

ಭುಜವನ್ನು ಮರೆಯುತ್ತಾರೆ. ಕತ್ತಿನ ಪಕ್ಕದಲ್ಲಿ ಹಾದುಹೋಗುವ ಆಕ್ಸೆಸರಿ ನರಕ್ಕೆ ಪೆಟ್ಟಾಗಿದ್ದರೆ ಆ ಬದಿಯ ಭುಜ ಜೋತು ಬಿದ್ದು ಕೈ ಹೆಗಲಿಗಿಂತ ಮೇಲೆ ಏಳುವುದಿಲ್ಲ. ಎರಡನೇ ದಿನದಿಂದಲೇ ಭುಜದ ಚಲನೆ ಶುರು ಮಾಡಬೇಕು ಅನ್ನುತ್ತೇನೆ.

ಕಸಿ_ಮೈಸೂರು:

ಬರೀ ಕಸಿಯಾಗಿದ್ದರೆ ಒಪ್ಪುತ್ತೇನೆ ಮೇಡಂ. ಪೆಕ್ಟೋರಾಲಿಸ್ ತಂದಿದ್ದರೆ ಮೊದಲ ಎರಡು ವಾರ ಆ ಬದಿಯ ಕೈ 90 ಡಿಗ್ರಿ ದಾಟಬಾರದು. ಎದೆಯ ಹೊಲಿಗೆಯೂ ನಾಳವೂ ಎರಡೂ ಎಳೆಯುತ್ತವೆ. ಮೊಣಕೈ, ಮಣಿಕಟ್ಟು ಆಡಿಸಲಿ.

ಫಿಸಿಯೋ_ಸರಸ್ವತಿಪುರಂ:

ಸರಿ ಸರ್, ಫ್ಲ್ಯಾಪ್ ಇದ್ದವರಿಗೆ ಹಾಗೇ. ಸಿಸ್ಟರ್, ನುಂಗುವಾಗ ಕೆಮ್ಮು, ದನಿ ಒದ್ದೆಯಾಗುವುದು, ಊಟ ಮೂಗಿಗೆ ಏರುವುದು ಇದ್ದರೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ನುಂಗುವ ತೊಂದರೆಯ ಪರೀಕ್ಷೆ, ತರಬೇತಿ ಎರಡೂ ಇವೆ. ಶ್ವಾಸಕೋಶಕ್ಕೆ ಊಟ ಇಳಿಯುವ ಮುಂಚೆ ಕಳಿಸಿ.

ಅರಿವಳಿಕೆ_ಮಂಡ್ಯ:

ಮೇಲೆ ಹೇಳಿದ ಗದ್ದ–ಎದೆಮೂಳೆ ಅಳತೆ ನಮಗೂ ಬೇಕಾದದ್ದೇ. 12.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಉಸಿರಿನ ನಳಿಕೆ ಹಾಕುವುದು ಕಷ್ಟವಾಗಬಹುದು ಎಂದು ಮೊದಲೇ ತಯಾರಾಗುತ್ತೇವೆ. ಇವರಿಗೆ ಮುಂದೆ ಅಪೆಂಡಿಕ್ಸ್‌ಗೋ ಮೂಳೆ ಮುರಿತಕ್ಕೋ ಎಲ್ಲಿ ಅರಿವಳಿಕೆ ಕೊಡುವುದಿದ್ದರೂ "ಕತ್ತಿನ ಸೋಂಕು, ಟ್ರಕಿಯಾಸ್ಟಮಿ, ಕಸಿ ಆಗಿದೆ" ಎನ್ನುವ ಡಿಸ್ಚಾರ್ಜ್ ಚೀಟಿ ತೋರಿಸಬೇಕು. ಬಾಯಿ ತೆರೆಯದ, ಕತ್ತು ಬಾಗದ ರೋಗಿಗೆ ಮಾಮೂಲಿನಂತೆ ನಿದ್ದೆ ಔಷಧ ಕೊಟ್ಟು ಸ್ನಾಯು ಸಡಿಲಿಸಿದರೆ ಗಾಳಿಯೂ ಹೋಗದೆ ನಳಿಕೆಯೂ ಹೋಗದೆ ನಿಲ್ಲಬಹುದು. ಎಚ್ಚರವಿದ್ದಾಗಲೇ ಫೈಬರ್‌ಆಪ್ಟಿಕ್‌ನಿಂದ (ಬಾಗುವ ಕ್ಯಾಮೆರಾ ದಾರದಿಂದ) ನೋಡಿಕೊಂಡು ನಳಿಕೆ ಹಾಕುವುದು ಕ್ಷೇಮ. ಪೂರ್ತಿ ಮುದುಡಿದ ಕತ್ತಾದರೆ ಮರಗಟ್ಟಿಸುವ ಚುಚ್ಚುಮದ್ದಿನಲ್ಲೇ ಬಿಗಿತ ಸೀಳಿ ಗದ್ದ ಎತ್ತಿ, ಆಮೇಲೆ ನಳಿಕೆ ಹಾಕುತ್ತೇವೆ. ಟ್ರಕಿಯಾಸ್ಟಮಿ ಆಗಿ ವಾರಗಳು ಕಳೆದ ಮೇಲೆ ಮೆಟ್ಟಿಲು ಹತ್ತುವಾಗ ಉಸಿರಿನಲ್ಲಿ ಸೀಟಿಯಂಥ ಶಬ್ದ ಬಂದರೆ ಶ್ವಾಸನಾಳ ಕಿರಿದಾಗಿರಬಹುದು. ಅದನ್ನು ಆಸ್ತಮಾ ಎಂದು ಇನ್‌ಹೇಲರ್ ಕೊಟ್ಟು ಕೂರಿಸಬೇಡಿ, ಇಎನ್‌ಟಿಗೆ ತೋರಿಸಿ.

ಪಾಂಡವಪುರ_ಸಿಸ್ಟರ್:

ಎಲ್ಲವನ್ನೂ ಬರೆದಿಟ್ಟುಕೊಂಡೆ. ಇನ್ನೊಂದೇ ಪ್ರಶ್ನೆ, ಅವರು ದಿನಾ ಕೇಳುವುದು: ಕಬ್ಬಿನ ಕೆಲಸಕ್ಕೆ ಯಾವಾಗ ಇಳಿಯಬಹುದು?

ಫಿಸಿಯೋ_ಸರಸ್ವತಿಪುರಂ:

ಗದ್ದೆಗೆ ಹೋಗಿ ನೀರು ಕಟ್ಟುವುದು, ನಿಂತು ಕೆಲಸ ಮಾಡಿಸುವುದು ಎರಡು ತಿಂಗಳಿಗೆ ಆದೀತು, ಬಿಸಿಲು ಇಳಿದ ಮೇಲೆ. ಕಡಿಯುವುದು, ಹೊರೆ ಹೊರುವುದು ಭುಜದ ಬಲ ನೋಡಿ, ಆರು ತಿಂಗಳೊಳಗಂತೂ ಬೇಡ. ತಲೆಹೊರೆ ಕತ್ತನ್ನು ಮುಂದಕ್ಕೆ ಅದುಮುತ್ತದೆ, ನಾವು ಎಳೆಯುವುದು ಹಿಂದಕ್ಕೆ. ತೆಳು ಕಸಿಯಲ್ಲಿ ಬೆವರಿನ ಗ್ರಂಥಿಯೂ ಇಲ್ಲ, ಎಣ್ಣೆಯ ಗ್ರಂಥಿಯೂ ಇಲ್ಲ. ಒಣಗಿ ಬಿರುಕು ಬಿಡುತ್ತದೆ, ದಿನಕ್ಕೆ ಮೂರು ನಾಲ್ಕು ಸಲ ಕೊಬ್ಬರಿ ಎಣ್ಣೆ ಹಚ್ಚಿ ಬೆರಳಿನಿಂದ ವೃತ್ತಾಕಾರವಾಗಿ ಐದು ನಿಮಿಷ ತಿಕ್ಕಬೇಕು, ಚರ್ಮ ಬಿಳಚುವಷ್ಟು ಒತ್ತಿ. ಸಿಲಿಕಾನ್ ಹಾಳೆ ಸಿಕ್ಕರೆ ಅದನ್ನು ಎಣ್ಣೆ ತೊಳೆದ ಮೇಲೆ ಹಾಕಬೇಕು. ಒಂದು ವರ್ಷ ಬಿಸಿಲು ತಾಗಿದರೆ ಕಪ್ಪು ಕಲೆ ಉಳಿಯುತ್ತದೆ, ಹತ್ತಿಯ ವಲ್ಲಿ ಸಡಿಲವಾಗಿ ಹೊದೆಯಲಿ. ಕಬ್ಬಿನ ಸೋಗೆ ಗೀರಿದರೆ ಆ ಚರ್ಮ ಬೇಗ ಸೀಳುತ್ತದೆ, ಸ್ಪರ್ಶಜ್ಞಾನ ಕಡಿಮೆ ಇರುವುದರಿಂದ ಗೀರಿದ್ದೂ ತಿಳಿಯುವುದಿಲ್ಲ. ಅದೇ ಕಾರಣಕ್ಕೆ ಆಲೆಮನೆಯ ಒಲೆ ಹತ್ತಿರ ನಿಲ್ಲಿಸಬೇಡಿ. ಸುಟ್ಟ ಬೊಬ್ಬೆ ಎದ್ದ ಮೇಲೆಯೇ ಗೊತ್ತಾಗುವುದು. ರಾತ್ರಿ ಮಲಗುವ ಮುಂಚೆ ಮನೆಯವರು ಯಾರಾದರೂ ದೀಪದಲ್ಲಿ ಕತ್ತು ನೋಡಿ ಗೀರು, ಗುಳ್ಳೆ ಇದೆಯೇ ಎಂದು ಹೇಳಲಿ.